ಕೊನೀ ನುಡಿ ಕತ್ತರಿಸಬ್ಯಾಡ್ರಿ

ನನ್ನ ಹಾಡಿನ ಪಟ್ಟಿ | ಕಂತು 6

(1/5)
ಮೊದಲನೇ ಫೋಟೊದಾಗ ಇರೋದು 60 ನಿಮಿಷದ ಒಂದು ಹಳೇ ಕ್ಯಾಸೆಟ್. ಅದರ ಮ್ಯಾಲಿನ ಮೂಲಿ ಝೂಮ್ ಮಾಡಿ ನೋಡ್ರಿ. ಸಣ್ಣ ತೂತಿಗೆ ಕಾಗದ ತುರುಕಿ ಮ್ಯಾಲೆ ಪಟ್ಟಿ ಹಚ್ಚೈತಿ. ಕ್ಯಾಸೆಟ್ ಕಾಲ ಕಂಡವರಿಗೆ ಇದು ಏನಂತ ಗೊತ್ತು. ರೆಕಾರ್ಡ್ ಮಾಡಿದ್ದು ಅಳಿಸಬಾರದು ಅಂದ್ರ ಆ ಮೂಲ್ಯಾಗಿನ ಪ್ಲಾಸ್ಟಿಕ್ ಚೂರು ಮುರೀತಿದ್ರು. ಮುರಿದ ಜಾಗ ಮುಚ್ಚಿದ್ರ ಮತ್ತ ರೆಕಾರ್ಡ್ ಆಗತಿತ್ತು.

ಮುರಿದವರು ನಮ್ಮ ಮುತ್ಯಾ. ಮುಚ್ಚಿದವ ನಾನು.

ಅದರಾಗ ಇದ್ದದ್ದು ಜಾತ್ರಿ ರಾತ್ರಿ ಡೊಳ್ಳಿನ ಪದ. ಮುತ್ಯಾನ ಮೇಳ ಹಾಡಿದ್ದು. ನಾನು ಅದರ ಮ್ಯಾಲೆ ತುಂಬಿಸಿದ್ದು ‘ಜನುಮದ ಜೋಡಿ’. 1996ರ ಸಿನಿಮಾ, ವಿ. ಮನೋಹರ್ ಸಂಗೀತ. ಆ ವರ್ಷ ಸಾವಳಗಿಯೊಳಗ ಚಾ ಅಂಗಡಿ, ಟೆಂಪೊ, ಲಗ್ನದ ಹಂದರ ಎಲ್ಲಿ ಹೋದ್ರೂ ಅದೇ ಹಾಡು. ಹೊಸಾ ಕ್ಯಾಸೆಟ್ ತಗೊಳ್ಳಾಕ ರೊಕ್ಕ ಇರಲಿಲ್ಲ. ಗೆಳೆಯನ ಮನ್ಯಾಗ ಎರಡು ಕ್ಯಾಸೆಟ್ ಹಾಕೋ ಟೇಪ್ ಇತ್ತು. ಅರ್ಧ ತಾಸಿನ ಕೆಲಸ.

ಮುತ್ಯಾ ಬೈಲಿಲ್ಲ. ಒಂದಿಷ್ಟೊತ್ತು ಸುಮ್ಮನ ಕುಂತು, ‘ಹಾಡರೆ ಛಲೋ ಅದಾವಿಲ್ಲೋ?’ ಅಂದ. ಅಷ್ಟೇ.

(2/5)
ಈಗ ವರ್ಷದ ಕೊನೀಗೆ ಎಲ್ಲಾರ ಸ್ಟೋರಿಯೊಳಗೂ ಹಾಡಿನ ಪಟ್ಟಿ ಬರತಾವ. ನಿಮಗ ಏನು ಇಷ್ಟ ಅಂತ ಆ್ಯಪ್ ತಾನೇ ಲೆಕ್ಕ ಹಾಕಿ ಕೊಡತೈತಿ. ನಾನೂ ಹಾಕೀನಿ, ಸುಳ್ಳು ಯಾಕ ಹೇಳಲಿ. ಆದ್ರ ಆ ಪಟ್ಟಿಯೊಳಗ ನಾ ಹುಟ್ಟಿದಾಗಿಂದ ಕೇಳಿದ ಡೊಳ್ಳಿನ ಪದ ಇಲ್ಲ, ಮೊಹರಂನ ರಿವಾಯತ್ ಪದ ಇಲ್ಲ, ಸೋಮವಾರದ ಭಜನಿ ಇಲ್ಲ. ಆ್ಯಪಿಂದೇನು ತಪ್ಪಿಲ್ಲ. ಅದಕ್ಕ ಆಲ್ಬಂ ಹೆಸರು ಬೇಕು, ಹಾಡಿದವರ ಹೆಸರು ಬೇಕು. ನಮ್ಮ ಪದಕ್ಕ ಹೆಸರೇ ಇಲ್ಲ ಅಂತ ತಿಳಕೊಂಡೈತಿ.

ಇಲ್ಲೇ ನನ್ನ ತಕರಾರು. ನಮ್ಮ ಪದಕ್ಕ ಹೆಸರು ಐತಿ. ಎಲ್ಲಿ ಐತಿ ಅಂದ್ರ ಕೊನೀ ನುಡಿಯೊಳಗ ಐತಿ.

ಹರದೇಶಿ–ನಾಗೇಶಿ ಕೇಳಿದವರಿಗೆ ಇದು ಹೊಸಾದೇನಲ್ಲ. ಒಂದು ಮೇಳ ಶಿವ ದೊಡ್ಡವ ಅಂತ ಹಾಡತೈತಿ, ಇನ್ನೊಂದು ಮೇಳ ಶಕ್ತಿ ದೊಡ್ಡಾಕಿ ಅಂತ ಹಾಡತೈತಿ. ರಾತ್ರಿಯೆಲ್ಲಾ ಸವಾಲ್–ಜವಾಬು. ಪದ ಮುಗಿಯೋ ಹೊತ್ತಿಗೆ ಕಡೀ ನುಡಿ ಬರತೈತಿ. ಅದರಾಗ ನಮ್ಮ ಊರು ಇಂಥಾದ್ದು, ಊರ ದೇವರು ಇಂಥಾವ, ಗುರು ಇಂಥಾವ, ಪದ ಕಟ್ಟಿದವ ಇಂಥಾವ ಅಂತ ಹೇಳೇ ಡೊಳ್ಳು ಇಳಸ್ತಾರ. ಗೀಗೀ ಪದ, ಲಾವಣಿಯೊಳಗೂ ಇದೇ ರೂಢಿ. ಸಂತ ಶಿಶುನಾಳ ಶರೀಫರ ತತ್ವಪದದ ಕೊನೀಗೆ ಶಿಶುನಾಳಧೀಶ ಬರತಾನ. ಕೂಡಲಸಂಗಮ ನಮ್ಮ ಜಿಲ್ಲಾದಾಗೇ ಐತಿ. ಬಸವಣ್ಣನ ವಚನದ ಕೊನೀಗೆ ಆ ಊರಿನ ದೇವರ ಹೆಸರು ಇರದಿದ್ರ, ಯಾವ ವಚನ ಯಾರದು ಅಂತ ಇವತ್ತ ಹೆಂಗ ಗುರ್ತು ಹಿಡೀತಿದ್ವಿ?

ಕಾಗದ ಇಲ್ಲದವರು ಹಾಡಿನೊಳಗೇ ಸಹಿ ಹಾಕಿದ್ರು.

(3/5)
ಮೂರನೇ ಫೋಟೊ ಬೀಳಗಿ ಬಸ್‌ಸ್ಟ್ಯಾಂಡಿಂದು. ಆ ಊರಾಗ ಹುಟ್ಟಿದಾಕಿ ಅಮೀರ್‌ಬಾಯಿ ಕರ್ನಾಟಕಿ. ಮುಂಬಯಿಗೆ ಹೋಗಿ ಹಿಂದಿ ಸಿನಿಮಾದಾಗ ಹಾಡಿದಾಕಿ, ನಟಿಸಿದಾಕಿ. 1943ರ ‘ಕಿಸ್ಮತ್’ ಸಿನಿಮಾಕ್ಕ ಅನಿಲ್ ಬಿಸ್ವಾಸ್ ಸಂಗೀತ, ಅಮೀರ್‌ಬಾಯಿ ದನಿ. ಕಲಕತ್ತಾದ ರಾಕ್ಸಿ ಟಾಕೀಸಿನೊಳಗ ಆ ಸಿನಿಮಾ ಮೂರು ವರ್ಷಕ್ಕಿಂತ ಹೆಚ್ಚು ಓಡಿತು. ಆಕಿ ಅಕ್ಕ ಗೋಹರ್‌ಬಾಯಿ ಬಾಲಗಂಧರ್ವರ ಜೋಡಿ ಮರಾಠಿ ರಂಗಭೂಮಿಯೊಳಗ ಹೆಸರಾದಾಕಿ.

ಸಾವಳಗಿಯಿಂದ ಹೊಳಿ ದಾಟಿ ಜಮಖಂಡಿ, ಅಲ್ಲಿಂದ ಮುಂದ ಬೀಳಗಿ. ಇಷ್ಟು ಸನೇದಾಗ ಇದ್ರೂ ನನಗ ಆಕಿ ಹೆಸರು ಗೊತ್ತಾಗಿದ್ದು ರಹಮತ್ ತರೀಕೆರೆ ಅವರು ಆಕಿ ಮ್ಯಾಲೆ ಬರೆದ ಪುಸ್ತಕದಿಂದ. ಅದಕ್ಕೂ ಮೊದಲು ಆಕಿ ಹಾಡು ರೇಡಿಯೊದಾಗ ಎಷ್ಟೋ ಸಲ ಕೇಳಿದ್ದೆ. ಯಾರೋ ಹಿಂದಿಯವರು ಅಂದ್ಕೊಂಡಿದ್ದೆ. ಕರ್ನಾಟಕಿ ಅಂತ ಊರ ಗುರ್ತು ಹೆಸರಿನೊಳಗೇ ಇಟ್ಟುಕೊಂಡಾಕಿ, ಆದ್ರೂ ನಮಗ ಮುಟ್ಟಲಿಲ್ಲ.

ಆ ಕಾಲದ ಸಿನಿಮಾ ರೆಕಾರ್ಡಿನ ಮ್ಯಾಲೆ ಹಾಡಿದವರ ಬದಲಿ ಪಾತ್ರದ ಹೆಸರು ಅಚ್ಚು ಹಾಕೋದೂ ಇತ್ತು. 1949ರ ‘ಮಹಲ್’ ಸಿನಿಮಾದ ಹೆಸರಾಂತ ಹಾಡಿನ ರೆಕಾರ್ಡಿನ ಮ್ಯಾಲೆ ಮೊದಲು ‘ಕಾಮಿನಿ’ ಅಂತ ಇತ್ತು. ಅದು ಮಧುಬಾಲಾ ಮಾಡಿದ ಪಾತ್ರದ ಹೆಸರು. ಹಾಡಿದ್ದು ಲತಾ ಮಂಗೇಶ್ಕರ್. ಲತಾ ಅಂಥಾವರ ಹೆಸರೇ ಹಿಂಗ ಹೋಗತಿತ್ತು ಅಂದ್ರ, ಜಾತ್ರಿಯೊಳಗ ಡೊಳ್ಳು ಬಡಿಯೋರ ಹೆಸರು ಯಾವ ಲೆಕ್ಕ!

(4/5)
ನಾಲ್ಕನೇ ಫೋಟೊದಾಗಿಂದು 2 ಜಿಬಿ ಮೆಮೊರಿ ಕಾರ್ಡ್. ನಗಬ್ಯಾಡ್ರಿ, ಒಂದು ಕಾಲಕ್ಕ ಅದು ನನ್ನ ಆಸ್ತಿ.

ನಾ ಕಂಡ ಹಂಗ ಹೇಳತೀನಿ. ಕ್ಯಾಸೆಟ್ ಇದ್ದಾಗ ಡಬ್ಬಿಯೊಳಗ ಮಡಚಿದ ಕಾಗದ ಇರತಿತ್ತು. ಹಾಡು ಬರೆದವರು, ಹಾಡಿದವರು, ಸಂಗೀತ ಕೊಟ್ಟವರು ಎಲ್ಲಾ ಅಲ್ಲೇ. ‘ನಾಗಮಂಡಲ’ (1997) ಹಾಡು ಕೇಳಿ, ನಮ್ಮ ಕಡೀ ಮಾತಿನೊಳಗ ಹಿಂಗೂ ಸಿನಿಮಾ ಹಾಡು ಬರೀಬಹುದಾ ಅಂತ ಆ ಕಾಗದ ಬಿಚ್ಚಿ ನೋಡಿದ್ದೆ. ಬರೆದವರು ಗೋಪಾಲ ಯಾಜ್ಞಿಕ, ಸಂಗೀತ ಸಿ. ಅಶ್ವತ್ಥ್. ಆ ಎರಡು ಹೆಸರು ಇವತ್ತಿಗೂ ಮರತಿಲ್ಲ.

ಆಮ್ಯಾಲೆ ‘ಮುಂಗಾರು ಮಳೆ’ ಬಂತು. 2006ರ ಡಿಸೆಂಬರ್. ಅದರ ಹಾಡು ನನಗ ಸಿಕ್ಕಿದ್ದು ಮೊಬೈಲ್ ಅಂಗಡಿಯೊಳಗ, ಕಾರ್ಡಿನೊಳಗ ತುಂಬಿಸಿಕೊಂಡು. ಹೆಸರಿನ ಜಾಗದಾಗ ‘ಟ್ರ್ಯಾಕ್ 03’. ಮನೋಮೂರ್ತಿ ಯಾರು, ಜಯಂತ ಕಾಯ್ಕಿಣಿ ಯಾರು ಅಂತ ಭಾಳ ದಿನ ಆದ ಮ್ಯಾಲೆ ಪೇಪರ್ ಓದಿ ತಿಳೀತು. ಅದೇ ಕಾರ್ಡಿನೊಳಗ ನಮ್ಮ ಕಡೀ ಜಾನಪದ ಹಾಡೂ ಇದ್ದವು. ಅವನ್ನ ಹಾಡಿದವರು ಯಾರಂತ ಇವತ್ತಿಗೂ ತಿಳಿದಿಲ್ಲ. ಅವರ ಬಗ್ಗೆ ಯಾವ ಪೇಪರೂ ಬರೀಲಿಲ್ಲ.

ಈಗ ರೀಲ್ಸ್ ಕಾಲ. ಒಂದು ಲೆಕ್ಕಕ್ಕ ಛಲೋ ಆಗೈತಿ. ರಾಯಬಾಗ ಕಡೀ ಮಾಳು ನಿಪನಾಳ ಡ್ರೈವರ್ ಮ್ಯಾಲೆ ಹಾಡಿದ ಹಾಡು ಬೆಂಗಳೂರಿನ ಲಗ್ನದಾಗೂ ಕೇಳಿಸತೈತಿ. ಹೆಸರಿನೊಳಗ ಊರು ಇಟ್ಟುಕೊಂಡೇ ಗೆದ್ದಾರ. ಡಿಜೆ ಹಾಡು ಅಂದ್ರ ಮೂಗು ಮುರಿಯೋರ ಜೋಡಿ ನಾ ಇಲ್ಲ. ಕಾಲೇಜಿನ್ಯಾಗ ಇದ್ದಾಗ ಇಂಥಾ ಹಾಡು ಕೇಳ್ತೀನಿ ಅಂತ ಹೇಳಾಕ ನಾಚಿ ಇಯರ್‌ಫೋನ್ ಹಾಕ್ಕೊಂಡವ ನಾನು. ಆ ನಾಚಿಕೆ ಈಗ ಇಲ್ಲ.

ಆದ್ರ ರೀಲ್ ಅಂದ್ರ ಸಣ್ಣ ತುಣುಕು. ಪಲ್ಲವಿ ತಗೋತಾರ, ಕುಣಿಯೋ ತುಣುಕು ತಗೋತಾರ. ನಮ್ಮ ಕಡೀ ಎಷ್ಟೋ ಹುಡುಗರು ಈಗಿನ ಹಾಡಿನ ಕೊನೀಗೂ ಊರು, ಹಾಡು ಬರೆದವರ ಹೆಸರು ಹಾಡೇ ಮುಗಸ್ತಾರ. ಮುತ್ಯಾಗೋಳ ರೂಢಿ ಅದು, ಬಿಟ್ಟಿಲ್ಲ. ಕತ್ತರಿ ಬೀಳೋದು ಸರಿಯಾಗಿ ಅಲ್ಲೇ.

(5/5)
ಒಬ್ಬ ದೋಸ್ತ ಹೋದ ಕಂತಿನ ಕೆಳಗ ಬರೆದಿದ್ದ: ಜಾನಪದ ಅಂದ್ರ ಎಲ್ಲಾರದು, ಅದಕ್ಕ ಯಾಕ ಹೆಸರು?

ಅರ್ಧ ಒಪ್ಪತೀನಿ. ಬೀಸುಕಲ್ಲಿನ ಪದ ಯಾರು ಕಟ್ಟಿದ್ರು ಅಂತ ಯಾರಿಗೂ ಗೊತ್ತಿಲ್ಲ. ಬಾಯಿಂದ ಬಾಯಿಗೆ ಬಂದು, ಎಲ್ಲಾ ಅವ್ವಂದಿರೂ ಒಂದೊಂದು ಸಾಲು ಕೂಡಿಸ್ಯಾರ. ಆದ್ರ ತನ್ನ ಹೆಸರು ಹಾಡೇ ಪದ ಮುಗಿಸಿದಾವಗ ನಾವು ‘ಅನಾಮಿಕ’ ಅಂದ್ರ ಅದು ಜಾನಪದ ಅಲ್ಲ, ನಮ್ಮ ಮರೆವು. ಅವನಿಗೆ ಹೆಸರು ಬೇಕಿತ್ತು. ಬೇಕು ಅಂತನೇ ಹಾಡಿದ್ದ.

ಹೋದ ತಿಂಗಳ ಆ ಕ್ಯಾಸೆಟ್ ಮತ್ತ ಹಾಕಿ ಕೇಳಿದೆ. ಸಿನಿಮಾ ಹಾಡು ಮುಗಿದ ಮ್ಯಾಲೆ ಕೊನೀಗೆ ಒಂದಿಷ್ಟು ರೀಲು ಉಳದೈತಿ. ಆಸೆಯಿಂದ ಕಿವಿ ಹಚ್ಚಿದೆ. ತಾಳದ ಸಪ್ಪಳ, ಯಾರೋ ಕೆಮ್ಮಿದ್ದು, ‘ಚಾ ತರ್ರೋ’ ಅಂತ ಒಂದು ದನಿ. ಅಷ್ಟೇ ಇತ್ತು. ಅದಕ್ಕೂ ಮೊದಲಿನ ಕಡೀ ನುಡಿ ‘ಜನುಮದ ಜೋಡಿ’ ಕೆಳಗ ಹೋಗೈತಿ. ಪದ ಮುತ್ಯಾನೇ ಕಟ್ಟಿದ್ದೋ, ಅವರ ಗುರು ಕಟ್ಟಿದ್ದೋ ಅಂತ ಕೇಳೋಣ ಅಂದ್ರ ಮುತ್ಯಾ ಇಲ್ಲ, ಆ ಮೇಳದವರೂ ಯಾರೂ ಉಳಿದಿಲ್ಲ. ನಮ್ಮ ಮನಿ ಪದವನ್ನ ಅನಾಮಿಕ ಮಾಡಿದವ ನಾನೇ.

‘ಜನುಮದ ಜೋಡಿ’ ಇವತ್ತಿಗೂ ನನಗ ಇಷ್ಟ. ಆ ಹಾಡಿಂದೇನು ತಪ್ಪಿಲ್ಲ. ಅದು ನೂರು ಕಡೆ ಸಿಗತಿತ್ತು, ಇನ್ನೊಂದು ಒಂದೇ ಕಡೆ ಇತ್ತು. ಆ ವಯಸ್ಸಿನ್ಯಾಗ ಇದು ತಿಳೀಲಿಲ್ಲ.

ಅದಕ್ಕ ಈ ವರ್ಷದ ನನ್ನ ಪಟ್ಟಿ ಹಿಂಗ ಐತಿ, ಹೆಸರು ಸಮೇತ:
▪ ಕಿಸ್ಮತ್, 1943: ಅಮೀರ್‌ಬಾಯಿ ಕರ್ನಾಟಕಿ, ಬೀಳಗಿ
▪ ಜನುಮದ ಜೋಡಿ, 1996: ವಿ. ಮನೋಹರ್
▪ ನಾಗಮಂಡಲ, 1997: ಗೋಪಾಲ ಯಾಜ್ಞಿಕ, ಸಿ. ಅಶ್ವತ್ಥ್
▪ ಮುಂಗಾರು ಮಳೆ, 2006: ಮನೋಮೂರ್ತಿ, ಜಯಂತ ಕಾಯ್ಕಿಣಿ
▪ ಡೊಳ್ಳಿನ ಪದ, ಸಾವಳಗಿ ಜಾತ್ರಿ: ಮುತ್ಯಾನ ಮೇಳ. ಕಟ್ಟಿದವರ ಹೆಸರು ನನ್ನಿಂದ ಅಳಿಸಿಹೋಗೈತಿ

ನಿಮ್ಮ ಪಟ್ಟೀನೂ ಕೆಳಗ ಹಾಕ್ರಿ. ಎರಡೇ ಮಾತು ನಡಸ್ರಿ. ಆ್ಯಪ್ ಕೊಡದ ಒಂದು ಹಾಡರೆ ಅದರಾಗ ಇರಲಿ, ಊರು ಮತ್ತು ಹೆಸರು ಸಮೇತ. ಮತ್ತ ಮನ್ಯಾಗ ಪದ ಹಾಡೋ ಹಿರಿಯರು ಇದ್ರ ಇವತ್ತ ರಾತ್ರಿ ಊಟ ಆದ ಮ್ಯಾಲೆ ಮೊಬೈಲ್ ಮುಂದ ಇಟ್ಟು ಪೂರ್ತಿ ರೆಕಾರ್ಡ್ ಮಾಡ್ರಿ. ಪೂರ್ತಿ ಅಂದ್ರ ಕಡೀ ನುಡಿತನಕ. ‘ಸಾಕು ಬಿಡೋ’ ಅಂತಾರ. ಬಿಡಬ್ಯಾಡ್ರಿ.

#ನನ್ನಹಾಡಿನಪಟ್ಟಿ #ಸಾವಳಗಿ #ಜಮಖಂಡಿ #ಡೊಳ್ಳಿನಪದ #ಕೊನೀನುಡಿ