‘ಬಹುದು’ ಎಂದರೆ ಸಾಲದು

ಶಿಡ್ಲಘಟ್ಟದ ರೀಲರ್‌ಗಳು ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುವುದನ್ನು ನೀವು ನೋಡಿರಬಹುದು. ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಎಂಬ ಪ್ರೋಟೀನು ಮೆದುವಾಗುವುದರಿಂದಲೇ ಎಳೆ ಬಿಚ್ಚಿಕೊಳ್ಳುತ್ತದೆ. ಸೆರಿಸಿನ್ನಿನ ಹೆಸರೇ ಕೇಳದ ಅಜ್ಜಂದಿರೂ ಹೀಗೆಯೇ ಮಾಡುತ್ತಿದ್ದರು. ಇಂದು ಯಾರಾದರೂ ‘ಬಿಸಿನೀರಿನಿಂದ ಸೆರಿಸಿನ್ ಮೆದುಗೊಳಿಸುವ ವಿಧಾನ ನನ್ನದು’ ಎಂದು ಪೇಟೆಂಟ್, ಅಂದರೆ ಏಕಸ್ವಾಮ್ಯದ ಹಕ್ಕು, ಕೇಳಿದರೆ? ಹಳೆಯ ಕೆಲಸದಲ್ಲೇ ಅಡಗಿದ್ದ ಗುಣಕ್ಕೆ ಹೊಸ ಹೆಸರಿಟ್ಟರೆ ಅದು ಹೊಸ ಶೋಧವಾಗದು.

ಆದರೆ ಅಡಗಿತ್ತು ಎಂದು ಸಾಧಿಸುವುದು ಹೇಗೆ? ಅಮೆರಿಕದ ಮೇಲ್ಮನವಿ ನ್ಯಾಯಾಲಯದ ಎರಡು ತೀರ್ಪುಗಳನ್ನು ನೋಡೋಣ.

1999ರ ರಾಬರ್ಟ್‌ಸನ್ ಪ್ರಕರಣ ಮಕ್ಕಳ ಡೈಪರಿನದು. ಬಳಸಿದ ಡೈಪರನ್ನು ಸುತ್ತಿ ಬಿಗಿಯಲು ಅದರಲ್ಲಿ ಪ್ರತ್ಯೇಕ ಕೊಂಡಿಯಿತ್ತು. ಹಳೆಯ ಡೈಪರಿನ ಗುಂಡಿಗಳನ್ನೇ ಅದಕ್ಕೂ ಬಳಸಬಹುದಿತ್ತೆಂದು ಪೇಟೆಂಟ್ ಕಚೇರಿ ಅರ್ಜಿ ತಿರಸ್ಕರಿಸಿತ್ತು. ‘ಬಹುದಿತ್ತು’ ಎಂಬುದು ಪುರಾವೆಯಲ್ಲವೆಂದು ನ್ಯಾಯಾಲಯ ಆ ತಿರಸ್ಕಾರವನ್ನೇ ತಳ್ಳಿಹಾಕಿತು.

2003ರ ಪ್ರಕರಣ ಅಲರ್ಜಿಯ ಔಷಧಿ ಲೊರಾಟಡಿನ್‌ನದು. ಅದು ದೇಹದಲ್ಲಿ ಮಾರ್ಪಟ್ಟು ಉಂಟಾಗುವ ವಸ್ತುವಿಗೂ ಶೆರಿಂಗ್ ಕಂಪನಿ ಇನ್ನೊಂದು ಪೇಟೆಂಟ್ ಪಡೆದಿತ್ತು. ಹಳೆಯ ಪೇಟೆಂಟಿನಲ್ಲಿ ಆ ವಸ್ತುವಿನ ಹೆಸರಿರಲಿಲ್ಲ, ನಿಜ. ಆದರೆ ಲೊರಾಟಡಿನ್ ಸೇವಿಸಿದವರ ದೇಹದಲ್ಲಿ ಅದು ಉಂಟಾಗಿಯೇ ತೀರುತ್ತದೆ ಎಂಬುದಕ್ಕೆ ಪರೀಕ್ಷೆಗಳ ಆಧಾರವಿತ್ತು. ವಿವಾದದಲ್ಲಿದ್ದ ಹಕ್ಕುಗಳು ಬಿದ್ದುಹೋದವು; ಅದೇ ಔಷಧಿ ತಯಾರಿಸಲು ಬಯಸಿದ ಇತರ ಕಂಪನಿಗಳಿಗಿದ್ದ ಒಂದು ಅಡ್ಡಿ ನೀಗಿತು.

ವಿದ್ಯಾರ್ಥಿಗಳೇ, ಪ್ರಯೋಗಶಾಲೆಯಲ್ಲೂ ಇದೇ ನಿಯಮ. ಹಳೆಯ ವಿಧಾನವನ್ನು ಇದ್ದಂತೆಯೇ ಮಾಡಿ ನೋಡಿ. ಹತ್ತು ಸಲ ಮಾಡಿದರೆ ಹತ್ತು ಸಲವೂ ಅದೇ ಫಲ ಬರಬೇಕು. ಒಂಬತ್ತೇ ಸಲ ಬಂದರೆ ಅದಿನ್ನೂ ‘ಬಹುದು’ ಅಷ್ಟೆ.