ಮೊದಲ ಏಟು ಯಾರದು?

ಕಳೆದ ತಿಂಗಳ ಒಂದು ಭಾನುವಾರ ಸಂಜೆ ನಮ್ಮ ನಡುಮನೆಯಲ್ಲಿ ಯುದ್ಧ ಆರಂಭವಾಯಿತು. ಆರಂಭವಾಗಿತ್ತೋ ಇಲ್ಲವೋ ಎಂಬುದೇ ಜಗಳಕ್ಕೆ ಮೂಲ.

ನನ್ನ ಅಕ್ಕನ ಮಗನೂ ಅವನ ಮೂವರು ಸಹಪಾಠಿಗಳೂ ವಾರಕ್ಕೊಮ್ಮೆ ಕೂಡಿ ಆಡುವ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನಸನ್ ಎಂಬಿಬ್ಬರು ರಚಿಸಿ 1974ರಲ್ಲಿ ಪ್ರಕಟವಾದ ಆಟ ಇದು. ಇದಕ್ಕೆ ಬೇಕಾದದ್ದು ಕಾಗದ, ಪೆನ್ಸಿಲು, ಬಗೆಬಗೆಯ ದಾಳಗಳು, ಮತ್ತು ಬೇಕಾದಷ್ಟು ಮಾತು. ಒಬ್ಬನು ಸೂತ್ರಧಾರನಾಗಿ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ತಾವು ಮಾಡುವುದನ್ನು ಹೇಳುತ್ತಾರೆ. ಅಂದು ಸೂತ್ರಧಾರ ಹುಡುಗನಿಗೆ ಜ್ವರ. ಕಾಲೇಜಿನಲ್ಲಿ ರನ್ನನ ಗದಾಯುದ್ಧವನ್ನು ಪಾಠ ಹೇಳುವವನಿಗೆ ಇದೇನು ಮಹಾ ಎಂದು ಆ ಪಟ್ಟವನ್ನು ನಾನೇ ವಹಿಸಿಕೊಂಡೆ.

ಸೇತುವೆಯ ಮೇಲೆ ಐವರು ದರೋಡೆಕೋರರು ಅಡ್ಡಗಟ್ಟಿದ್ದರು. ಗುಂಪಿನಲ್ಲಿದ್ದ ಒಬ್ಬಳೇ ಹುಡುಗಿ, ಎಂದೂ ಹೆಚ್ಚು ಮಾತನಾಡದವಳು, ಅಂದು ಧೈರ್ಯ ತಂದುಕೊಂಡು ಅವರ ನಾಯಕನೊಡನೆ ಸಂಧಾನಕ್ಕೆ ತೊಡಗಿದಳು. ಅವಳ ಎರಡನೆಯ ವಾಕ್ಯ ಮುಗಿದಿರಲಿಲ್ಲ.

“ನಾನು ಬಾಣ ಬಿಟ್ಟೆ!” ಎಂದ ನನ್ನ ಸೋದರಳಿಯ. “ನಾಯಕನ ಎದೆಗೇ! ಮೊದಲು ಈ ಏಟು ನೋಡಿಬಿಡಿ ಮಾವ, ಇನಿಷಿಯೇಟಿವ್ ಆಮೇಲೆ.”

ಇನಿಷಿಯೇಟಿವ್ ಎಂದರೆ ಕಾಳಗದ ಸರದಿ. ಹೋರಾಟಕ್ಕೆ ನಿಂತವರೆಲ್ಲ 20 ಮುಖದ ದಾಳವೊಂದನ್ನು ಉರುಳಿಸಿ, ಬಂದ ಸಂಖ್ಯೆಗೆ ತಮ್ಮ ಪಾತ್ರದ ಚುರುಕುತನದ ಅಂಕವನ್ನು ಕೂಡಿಸಬೇಕು. ಹೆಚ್ಚು ಬಂದವರು ಮೊದಲು. ಒಂದು ಸುತ್ತೆಂದರೆ ಕಥೆಯೊಳಗೆ ಸುಮಾರು 6 ಸೆಕೆಂಡು. ಲೆಕ್ಕ ಸುಲಭ, ಆದರೆ ಈ ದಾಳವನ್ನು ಯಾವ ಗಳಿಗೆಯಲ್ಲಿ ಕೇಳಬೇಕೆಂಬುದು ಸೂತ್ರಧಾರನ ವಿವೇಕಕ್ಕೆ ಸೇರಿದ್ದು. ನನ್ನ ವಿವೇಕ ಅಂದು ಕೈಕೊಟ್ಟಿತು. ಹುಡುಗನ ಉತ್ಸಾಹಕ್ಕೆ ಮರುಳಾಗಿ ಒಪ್ಪಿಬಿಟ್ಟೆ. ಬಾಣ ನಾಟಿತು, ನಾಯಕ ಸತ್ತ, ಹುಡುಗರು ಚಪ್ಪಾಳೆ ತಟ್ಟಿದರು.

“ನಾನು ಇನ್ನೂ ಮಾತಾಡ್ತಾ ಇದ್ದೆನಲ್ಲ, ಸಾರ್,” ಎಂದಳು ಹುಡುಗಿ. ಆಟ ಮುಗಿಯುವವರೆಗೆ ಮತ್ತೆ ಬಾಯಿ ತೆರೆಯಲಿಲ್ಲ.

ಆ ಒಂದು ಮಾತು ವಾರವೆಲ್ಲ ನನ್ನನ್ನು ಕಾಡಿತು. ಉತ್ತರಪತ್ರಿಕೆಗಳನ್ನು ಬದಿಗಿಟ್ಟು ಆಟದ ಪುಸ್ತಕಗಳನ್ನು ಓದಿದೆ. ನನ್ನ ಸೋದರಳಿಯನ ಪಾತ್ರ ಯಾವುದು ಗೊತ್ತೇ? ಭಾರವಾದ ಕವಚ ತೊಟ್ಟ, ಚುರುಕುತನದಲ್ಲಿ ಎಲ್ಲರಿಗಿಂತ ಹಿಂದಿರುವ ಸೈನಿಕ! ಅಂದು ಮೊದಲ ಏಟು ಸಂದದ್ದು ಆ ಸೈನಿಕನ ಕೈಗಲ್ಲ, ಇವನ ನಾಲಗೆಗೆ. ಬಿಲ್ಲಿಗೆ ಕೈ ಹೋದುದನ್ನು ಎದುರಿಗಿದ್ದ ಐವರೂ ಕಾಣುತ್ತಾರಲ್ಲವೇ? ಆ ಕೈ ಮುಂದೋ ಅವರ ಕಣ್ಣು ಮುಂದೋ ಎಂದು ತೀರ್ಮಾನಿಸುವುದಕ್ಕೇ ದಾಳ ಇರುವುದು. ಆದ್ದರಿಂದ “ಬಾಣ ಬಿಡುತ್ತೇನೆ” ಎಂದೊಡನೆ ಸರದಿಯನ್ನು ಗೊತ್ತುಮಾಡಬೇಕು. ಬಾಣ ಹೊರಡುವುದು ಅವನ ಸರದಿ ಬಂದಾಗ. ಮರೆಯಲ್ಲಿ ಅಡಗಿ ಹೊಡೆಯುವವನ ಮಾತು ಬೇರೆ. 2014ರ ನಿಯಮದಲ್ಲಿ ಹಾಗೆ ಮೋಸಹೋದವನು ತನ್ನ ಮೊದಲ ಸರದಿಯಲ್ಲಿ ಏನೂ ಮಾಡುವಂತಿರಲಿಲ್ಲ. 2024ರ ಪರಿಷ್ಕರಣದಲ್ಲಿ ಅವನು ಸರದಿಗೆ ಎರಡು ದಾಳ ಹಾಕಿ ಕಡಿಮೆ ಬಂದದ್ದನ್ನು ಇಟ್ಟುಕೊಳ್ಳಬೇಕು. ಸೇತುವೆಯ ಮೇಲೆ ಮುಖಾಮುಖಿ ನಿಂತವನಿಗೆ ಈ ಸೌಲಭ್ಯ ಎಲ್ಲಿಯದು?

ಹಾಗೆಂದು ಶತ್ರು ಕಣ್ಣಿಗೆ ಬಿದ್ದೊಡನೆ ದಾಳ ಕೇಳುವುದೂ ಸಲ್ಲದು. ದಾಳದ ಸದ್ದೇ ರಣಭೇರಿ. ಅದನ್ನು ಕೇಳಿದ ಮೇಲೆ ಸಂಧಾನದ ನೆನಪು ಯಾರಿಗಿರುತ್ತದೆ? ಹಳಬರು ಇದನ್ನು ಬಲ್ಲವರಾಗಿದ್ದರು. 1981ರ ಆರಂಭಿಕ ಆವೃತ್ತಿಯಲ್ಲಿ, ಎದುರಾದವರ ಮನಸ್ಸನ್ನು ತಿಳಿಯಲು ಆರು ಮುಖದ ಎರಡು ದಾಳಗಳನ್ನು ಹಾಕುವ ಪದ್ಧತಿಯಿತ್ತು: ತೀರ ಕಡಿಮೆ ಬಿದ್ದರೆ ಮೇಲೆರಗುತ್ತಾರೆ, ತೀರ ಹೆಚ್ಚು ಬಿದ್ದರೆ ಸ್ನೇಹಕ್ಕೆ ಬರುತ್ತಾರೆ. ಇನ್ನು ಸರದಿ ಗೊತ್ತಾದ ಮಾತ್ರಕ್ಕೆ ಹೊಡೆಯಲೇಬೇಕೆಂಬ ವಿಧಿಯೂ ಇಲ್ಲ. ಕುರುಕ್ಷೇತ್ರದಲ್ಲಿ ಸೇನೆಗಳು ವ್ಯೂಹ ಕಟ್ಟಿ ನಿಂತ ಮೇಲೆಯೇ ಅಲ್ಲವೇ ಧರ್ಮರಾಯ ಕವಚ ಕಳಚಿ, ಬರಿಗೈಯಲ್ಲಿ ಭೀಷ್ಮನ ಬಳಿಗೆ ನಡೆದುಹೋದದ್ದು?

ಮರುವಾರ ಎಲ್ಲರನ್ನೂ ಕೂರಿಸಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಸತ್ತ ನಾಯಕನನ್ನು ಬದುಕಿಸಿ, ಕಥೆಯನ್ನು ಮತ್ತೆ ಸೇತುವೆಗೆ ತಂದೆ. ಸೋದರಳಿಯ ಹಟ ಬಿಡದೆ, “ಬಾಣ ಬಿಡುತ್ತೇನೆ” ಎಂದ. ದಾಳ ಹಾಕಿಸಿದೆ. ಹುಡುಗಿಗೆ 17, ನಾಯಕನಿಗೆ 12, ಇವನಿಗೆ 7.

“ನನ್ನ ಸರದಿಯಲ್ಲಿ ನಾನು ಮಾತು ಮುಗಿಸುತ್ತೇನೆ,” ಎಂದಳು ಅವಳು. ಬಾಣಕ್ಕೂ ನಾಯಕನಿಗೂ ನಡುವೆ ಹೋಗಿ ನಿಂತಳು.

“ಮಾವ, ನನ್ನ ಬಾಣ?”

“ನಿನ್ನ ಸರದಿ ಬರಲಿ.”

ನಾಯಕ ತನ್ನ ಸರದಿಯಲ್ಲಿ ಸುಂಕ ಕೇಳಿದ, ಅವಳು ಚೌಕಾಶಿಗೆ ಇಳಿದಳು. ಅದು ಮುಕ್ಕಾಲು ಗಂಟೆ ನಡೆಯಿತು. ಕೊನೆಗೆ ಅರ್ಧ ಸುಂಕಕ್ಕೆ ದಾರಿ ಬಿಟ್ಟರು. ಬಾಣ ಬತ್ತಳಿಕೆಯಲ್ಲೇ ಉಳಿಯಿತು. ರಾತ್ರಿ ಊಟಕ್ಕೆ ಕುಳಿತಾಗ ಸೋದರಳಿಯ ನನ್ನೊಡನೆ ಮಾತನಾಡಲಿಲ್ಲ.