ದೊಡ್ ಬೈಕಿರೋ ಮನೇಗೆ ಎಲ್ಡ್ನೇ ಗಾಡಿ ಯಾವ್ದು?

ನಮ್ ವಿ.ಸಿ. ಫಾರಂ ಸುತ್ತಮುತ್ತ ಈಗ ಸುಮಾರು ಮನೆ ಮುಂದೆ ದೂರದ ಟೂರಿಗೆ ಅಂತ ತಂದ ದೊಡ್ ಬೈಕು ನಿಂತಿರ್ತವೆ. ಡಾಮಿನಾರ್ 400 ಅಂತವು. ಬೆಂಗಳೂರಲ್ಲಿ ಕೆಲ್ಸ ಮಾಡೋ ಮಗ ಶನಿವಾರ ಅದ್ರಲ್ಲಿ ಬತ್ತನೆ, ರಜ ಸಿಕ್ರೆ ಅದ್ರಲ್ಲೇ ಚಿಕ್ಕಮಗಳೂರು, ಊಟಿ ಅಂತ ಹೊಂಟೋಯ್ತನೆ. ದುಡಿಯೋ ಮಗ, ಆಸೆಪಟ್ಟು ತಗಂಡವ್ನೆ, ಇರ್ಲಿ ಬುಡಿ. ನಾನ್ ಹೇಳಕ್ ಹೊಂಟಿರೋದು ಅದ್ರ ಜೊತೆಗೆ ತರೋ ಎಲ್ಡ್ನೇ ಗಾಡಿ ಬಗ್ಗೆ.

ಹುಡುಗ್ರನ್ನ ಕೇಳುದ್ರೆ ಮಣ್ ರೋಡಿಗೆ ಹಿಮಾಲಯನ್ ತರಾನ ಅಂತರೆ, ಇಲ್ದಿದ್ರೆ ಹಳೇ ಆರ್‌ಎಕ್ಸ್ 100 ಹುಡುಕಾನ ಅಂತರೆ. ನನ್ ಲೆಕ್ಕದಲ್ಲಿ ಎಲ್ಡೂ ಬ್ಯಾಡ. ಮೊದಲ್ನೇ ಗಾಡಿ ಕೈಲಾಗದ ಕೆಲ್ಸ ಎಲ್ಡ್ನೇದು ಮಾಡ್ಬೇಕು, ಮೊದಲ್ನೇದನ್ನ ಓಡ್ಸಕ್ಕಾಗದೋರು ಎಲ್ಡ್ನೇದನ್ನ ಓಡ್ಸಂಗಿರ್ಬೇಕು. ಹಿಮಾಲಯನ್ ಬಂದ್ರೂ ಓಡ್ಸೋನು ಅದೇ ಮಗ. ಆರ್‌ಎಕ್ಸ್ ತಯಾರಾಗೋದು 1996ರಲ್ಲೇ ನಿಂತೋಯ್ತು, ಅದನ್ನ ತಂದ್ರೆ ಓಡ್ಸೋದ್ಕಿಂತ ಒರ್ಸೋದೇ ಜಾಸ್ತಿ ಆಯ್ತದೆ.

ಸೋಮವಾರದಿಂದ ಶುಕ್ರವಾರದ ಗಂಟ ಮನೇಲಿ ಏನೇನ್ ಕೆಲ್ಸ ಅದೆ ನೋಡಿ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು, ಗದ್ದೆಯಿಂದ ಹುಲ್ಲಿನ ಹೊರೆ, ಕಬ್ಬು ಕಡಿಯೋ ಕಾಲಕ್ಕೆ ಸೋಗೆ, ಮಿಲ್ಲಿಗೆ ರಾಗಿ, ದನಕ್ಕೆ ಹಿಂಡಿ ಬೂಸ. 190 ಕೆಜಿ ಹತ್ರ ತೂಗೋ ಡಾಮಿನಾರನ್ನ ನಾಲೆ ಏರಿ ಮ್ಯಾಲೆ ತಿರುಗ್ಸಕ್ಕೇ ಗಂಡಾಳು ಬೇಕು, ಅದ್ರ ಮ್ಯಾಲೆ ಹುಲ್ ಹೊರೆ ಎಲ್ಲಿ ಕಟ್ಟೀರಿ?

ಅದ್ಕೇ ನಾನ್ ಹೇಳೋದು ಟಿವಿಎಸ್ ಎಕ್ಸೆಲ್ 100 ತನ್ನಿ ಅಂತ. ತೂಕ 90 ಕೆಜಿಗೂ ಕಮ್ಮಿ. ಗೇರಿಲ್ಲ, ಕ್ಲಚ್ಚಿಲ್ಲ. ಮುಂದುಗಡೆ ಮೂಟೆ ಇಡೋವಷ್ಟು ಜಾಗ ಅದೆ, ಹಿಂದಿನ ಸೀಟ್ ಬಿಚ್ಚುದ್ರೆ ಇನ್ನೂ ಜಾಗ. ಸೀರೆ ಉಟ್ಕಂಡು ಕಾಲೆತ್ತದೆ ಹತ್ಬೋದು. ಸ್ಕೂಟರ್ ಸಾಕಲ್ವಾ ಅಂತ ಕೇಳ್ತೀರಿ. ಟಾರ್ ರೋಡಿಗೆ ಸಾಕು. ಆದ್ರೆ ಸುಮಾರು ಸ್ಕೂಟರಿಗೆ ಹಿಂದಿನ ಚಕ್ರ 10 ಇಂಚಿಂದು, ಎಕ್ಸೆಲ್‌ದು 16 ಇಂಚು. ಗದ್ದೆ ಬದಿ ಗುಂಡಿ ಬಿದ್ದ ದಾರೀಲಿ ಆ ವ್ಯತ್ಯಾಸ ಗೊತ್ತಾಯ್ತದೆ.

ಎಕ್ಸೆಲ್ ಸ್ಪೀಡಿಲ್ಲ ಅಂತ ಮೂಗು ಮುರೀತರೆ. ಹೋಗಬೇಕಾಗಿರೋದು ಡೈರಿ ಗಂಟ ತಾನೆ? ಬೆಂಗಳೂರು ಮೈಸೂರು ಹೊಸ ಹೈವೇಲಿ 2023ರ ಆಗಸ್ಟ್ 1ರಿಂದ ಯಾವ ಬೈಕೂ ಹತ್ತಂಗಿಲ್ಲ, ಎಷ್ಟೇ ದೊಡ್ದಾದ್ರೂ ಸರ್ವೀಸ್ ರೋಡೇ ಗತಿ. ಆದ್ರೆ ಮನೆಯೋರು ದಿನಾ ಮಂಡ್ಯಕ್ಕೆ ಕೆಲ್ಸಕ್ಕೆ ಹೋಗಿ ಬರೋರು, ದನ ಗದ್ದೆ ಇಲ್ಲ ಅಂದ್ರೆ ಸ್ಪ್ಲೆಂಡರ್ ಅಂತ ಗಾಡೀನೇ ವಾಸಿ. ಆ ಮಾತು ನಾನೂ ಒಪ್ತೀನಿ.

ಯಾವ್ದೇ ತಂದ್ರೂ ಎಲ್ಡ್ ವಿಷ್ಯ ಮರೀಬ್ಯಾಡಿ. ಬೈಕಲ್ಲಿ ಹಿಂದೆ ಕೂರೋರ ಬಟ್ಟೆ ಸಿಕ್ಕಾಕಳ್ದಂಗೆ ಹಿಂದಿನ ಚಕ್ರ ಅರ್ಧಕ್ಕಾದ್ರೂ ಮುಚ್ಚಿರ್ಬೇಕು, ಹಿಡ್ಕಳಕ್ಕೆ ಹಿಡಿ ಇರ್ಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಅದೆ. ನಮ್ ಹುಡುಗ್ರು ಅಂದಕ್ಕೆ ಅಂತ ಸೀರೆ ಗಾರ್ಡನ್ನೇ ಮೊದ್ಲು ಬಿಚ್ಚಾಕ್ತರೆ. ಬಿಚ್ಚಕ್ಕೆ ಬುಡಬ್ಯಾಡಿ. ಇನ್ನೊಂದು, ಎಕ್ಸೆಲ್ ಸಣ್ ಗಾಡಿ ಅಂತ ಹೈಸ್ಕೂಲ್ ಮಕ್ಕಳ ಕೈಗೆ ಕೊಡಬ್ಯಾಡಿ. ಅದು 50 ಸಿಸಿ ದಾಟಿರೋ ಗಾಡಿ, 18 ತುಂಬಿ ಲೈಸೆನ್ಸ್ ಆಗಿರ್ಬೇಕು. 2019ರ ತಿದ್ದುಪಡಿ ಆದ್ಮೇಲೆ ಅಪ್ರಾಪ್ತ ಮಕ್ಕಳು ಓಡ್ಸಿ ತಪ್ಪು ಮಾಡುದ್ರೆ ಅಪ್ಪ ಅಮ್ಮನಿಗೆ 25,000 ರೂಪಾಯಿ ದಂಡ, 3 ವರ್ಷದ ಗಂಟ ಜೈಲೂ ಆಗ್ಬೋದು.

ಶೋರೂಮಿಗೆ ಅಪ್ಪ ಮಗ ಇಬ್ರೇ ಹೋಗಿ ಬಣ್ಣ ಆರ್ಸಬ್ಯಾಡಿ. ಹಾಲು ಹಾಕೋಳು, ಹುಲ್ ತರೋಳು ಮನೇಲಿ ಯಾರೋ ಅವಳನ್ನೂ ಕರ್ಕಂಡೋಗಿ. ಅವಳು ಹತ್ತಿ ಕೂತು, ಕಾಲು ನೆಲಕ್ಕೆ ಎಟುಕ್ತದಾ, ಸ್ಟ್ಯಾಂಡ್ ಹಾಕಕ್ಕಾಯ್ತದಾ ನೋಡ್ಲಿ. ಅವಳು ಹೂಂ ಅಂದ್ಮೇಲೆ ದುಡ್ ಕಟ್ಟಿ.